ಅತ್ತಿಗೆಯ ಅಂಗಳದಲ್ಲಿ ಓಮ್ನಿ

ಕಾಪುವಿನ ಅತ್ತಿಗೆಗೆ ನಮ್ಮ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಅವರ ಮನೆ ಬಾಗಿಲು ತೆರೆದೇ ಇರುವಾಗ, ಚಾವಡಿಯಲ್ಲಿ ಫ್ಯಾನು ತಿರುಗುತ್ತಲೇ ಇರುವಾಗ, ನಾವು ಗಂಡ ಹೆಂಡತಿ ಅಂಗಳದಲ್ಲಿ ಗಾಡಿಯೊಳಗೆ ಮಲಗಿ ಒಂದು ರಾತ್ರಿ ಕಳೆದೆವು. ಅಪರಾಧ ಇಷ್ಟೇ. ಆದರೆ ಮರುದಿನ ಬೆಳಿಗ್ಗೆ ಹಾಲು ತಂದ ಹೆಂಗಸು ಓಮ್ನಿಯ ಕಿಟಕಿಯಲ್ಲಿ ಇಣುಕಿ, ಒಳಗೆ ಇವರು ಪಂಚೆ ಹೊದ್ದು ಮಲಗಿದ್ದನ್ನು ನೋಡಿ, ಅಡುಗೆಮನೆಗೆ ಹೋಗಿ ಮೆಲ್ಲಗೆ ಕೇಳಿದ್ದಳಂತೆ: “ಎಂತ ಅಕ್ಕ, ತಮ್ಮನೊಟ್ಟಿಗೆ ಜಾಗದ ತಕರಾರಾ?”

ಅತ್ತಿಗೆ ಅಂದರೆ ಇವರ ಅಕ್ಕ. ಎಪ್ಪತ್ತೊಂದು ವರ್ಷ. ಆ ಪ್ರಶ್ನೆಯನ್ನು ಅವರು ಅಂದಿನಿಂದ ಇಂದಿನವರೆಗೆ ಸುಮಾರು ನಲವತ್ತು ಜನರಿಗೆ ಹೇಳಿರಬಹುದು. ಹೇಳುವಾಗಲೆಲ್ಲ ಕಡೆಗೆ ಸೇರಿಸುವುದು ಒಂದೇ ಮಾತು: “ಮನೆ ಇರುವಾಗ ಗಾಡಿಯಲ್ಲಿ ಮಲಗುವುದು ಅಂದರೆ ಎಂತ ಅರ್ಥ ಮಾರಾಯ್ತಿ?”

ಎಂತ ಅರ್ಥ ಅಂತ ನಾನೂ ಆಮೇಲೆ ಬಹಳ ಯೋಚಿಸಿದ್ದೇನೆ.

2025ರ ಬೇಸಿಗೆಯಲ್ಲಿ ನಾವು ಮಾಡಿದ್ದು ಎರಡು ರಾತ್ರಿ, ನೂರು ಕಿಲೋಮೀಟರಿನ ಆಸುಪಾಸಿನ ಪ್ರವಾಸ. ಮಣಿಪಾಲದಿಂದ ಹಿರಿಯಡ್ಕ, ಬೈಲೂರು ದಾರಿಯಾಗಿ ಕಾರ್ಕಳ. ಅಲ್ಲಿಂದ ನಂದಳಿಕೆ, ಬೆಳ್ಮಣ್, ಶಿರ್ವ ಸುತ್ತಿ ಕಾಪು. ಕಾಪುವಿನಿಂದ ಹೆದ್ದಾರಿ ಹಿಡಿದು ಉಡುಪಿ. ಉಡುಪಿಯಿಂದ ಗುಡ್ಡ ಹತ್ತಿದರೆ ಮನೆ. ಬಸ್ಸಿನಲ್ಲಾದರೆ ಒಂದೇ ದಿನದಲ್ಲಿ ಮುಗಿಯುವ ಸುತ್ತು. ಇದಕ್ಕೆ ‘ಪ್ರವಾಸ’ ಎನ್ನುವ ದೊಡ್ಡ ಹೆಸರು ಕೊಟ್ಟವರು ನಮ್ಮನೆಯವರು. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು, ಇವರು ಬ್ಯಾಂಕಿನಿಂದ. ಇವರು ಕೆಲಸ ಮಾಡಿದ ಸಿಂಡಿಕೇಟ್ ಬ್ಯಾಂಕು 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ್ದು. 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಅದಕ್ಕೆ ಎರಡು ವರ್ಷ ಮೊದಲೇ ಇವರು ಹೊರಗೆ ಬಂದಿದ್ದರು. ಬ್ಯಾಂಕಿನ ಹೆಸರು ಹೋಯಿತು, ಲೆಕ್ಕ ಬರೆಯುವ ಚಾಳಿ ಹೋಗಲಿಲ್ಲ. ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಒಂದು ಸಣ್ಣ ಪುಸ್ತಕ ಯಾವಾಗಲೂ ಇರುತ್ತದೆ.

ಈ ಹುಚ್ಚು ಹತ್ತಿದ್ದು ಅಮೆರಿಕದಲ್ಲಿ. 2023ರ ಬೇಸಿಗೆಗೆ ನಾವು ಕೊಲರಾಡೊದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಈಗ ಕರಾವಳಿಯಲ್ಲಿ ಎರಡು ಮನೆಗೆ ಒಬ್ಬರಾದರೂ ಹೀಗೆ ಹೋಗಿ ಬಂದವರು ಸಿಗುತ್ತಾರೆ, ಅದರಲ್ಲಿ ವಿಶೇಷವಿಲ್ಲ. ವಿಶೇಷ ಅಂದರೆ ಅಳಿಯ ಒಂದು ವಾರಕ್ಕೆ ಆರ್‌ವಿ ಬಾಡಿಗೆಗೆ ತಂದು ಎಲ್ಲರನ್ನೂ ಯೆಲ್ಲೋಸ್ಟೋನ್‌ಗೆ ಕರೆದುಕೊಂಡು ಹೋದದ್ದು. ಆರ್‌ವಿ ಅಂದರೆ ಲಾರಿಯ ಮೇಲೆ ಮನೆ. ಮಂಚ, ಗ್ಯಾಸ್ ಒಲೆ, ಫ್ರಿಜ್ಜು, ಬಚ್ಚಲು, ಕಕ್ಕಸು ಎಲ್ಲ ಅದರಲ್ಲೇ. ಹೊಟ್ಟೆಯಡಿ ಮೂರು ಟ್ಯಾಂಕು: ಒಂದು ಕುಡಿಯುವ ನೀರಿಗೆ, ಒಂದು ಪಾತ್ರೆ ತೊಳೆದ, ಮಿಂದ ನೀರಿಗೆ, ಮೂರನೆಯದು ಯಾವುದಕ್ಕೆಂದು ಹೇಳಬೇಕಾಗಿಲ್ಲ. ಕ್ಯಾಂಪಿನ ಜಾಗದಲ್ಲಿ ನಿಲ್ಲಿಸಿದ ಮೇಲೆ ನೀರಿಗೆ ಒಂದು ಪೈಪು, ಕರೆಂಟಿಗೆ ಒಂದು ವಯರು, ಕೊಳಚೆಗೆ ಇನ್ನೊಂದು ಪೈಪು ಸಿಕ್ಕಿಸಬೇಕು. ಯೆಲ್ಲೋಸ್ಟೋನ್ ಪಾರ್ಕಿನೊಳಗೆ ಈ ಮೂರೂ ಸೌಕರ್ಯ ಇರುವುದು ಫಿಶಿಂಗ್ ಬ್ರಿಜ್ ಎಂಬ ಒಂದೇ ಕಡೆ. ಕರಡಿ ಕಾಟದಿಂದಾಗಿ ಅಲ್ಲಿ ಬಟ್ಟೆಯ ಡೇರೆ ಹಾಕುವಂತಿಲ್ಲ, ಗಟ್ಟಿ ಗೋಡೆಯ ಗಾಡಿಯೇ ಆಗಬೇಕು.

ಮೂರನೇ ಪೈಪಿನ ಕೆಲಸ ಇವರ ಪಾಲಿಗೆ ಬಂತು. ಕೈಗೆ ನೀಲಿ ಗ್ಲೌಸು ಹಾಕಿಕೊಂಡು, ಪೈಪಿನ ತುದಿ ತಿರುಪಿ, ಲಿವರ್ ಎಳೆದು, ಮುಖ ಆಚೆ ಮಾಡಿ ನಿಂತಿದ್ದ ಬ್ಯಾಂಕ್ ಮ್ಯಾನೇಜರರ ಫೋಟೋ ನನ್ನ ಫೋನಿನಲ್ಲಿ ಈಗಲೂ ಇದೆ. ವಿಚಿತ್ರ ಅಂದರೆ ಇವರಿಗೆ ಅದು ಹಿಡಿಸಿತು! ಪಕ್ಕದ ಗಾಡಿಯಲ್ಲಿ ನಮ್ಮದೇ ವಯಸ್ಸಿನ ಗಂಡ ಹೆಂಡತಿ ಇದ್ದರು. ನಿವೃತ್ತಿಯಾದ ಮೇಲೆ ಮನೆ ಮಾರಿ, ಆ ದುಡ್ಡಿನಲ್ಲಿ ಆರ್‌ವಿ ಕೊಂಡು, ಚಳಿಗೆ ದಕ್ಷಿಣಕ್ಕೆ, ಸೆಕೆಗೆ ಉತ್ತರಕ್ಕೆ ಓಡಾಡಿಕೊಂಡಿರುವವರು. ಅಲ್ಲಿ ಹೀಗೆ ಬದುಕುವವರು ಬೇಕಾದಷ್ಟು ಜನ ಇದ್ದಾರೆ ಎಂದು ಮಗಳು ಹೇಳಿದಳು. ಇವರ ಕಣ್ಣು ಅರಳಿತು. ನನಗೆ ಹೊಳೆದದ್ದು ಒಂದೇ ಪ್ರಶ್ನೆ: ಹಾಗಾದರೆ ಉಪ್ಪಿನಕಾಯಿ ಭರಣಿ ಎಲ್ಲಿಡುತ್ತಾರೆ?

ಊರಿಗೆ ಬಂದ ಮೇಲೆ ವಿಚಾರಣೆ ಶುರುವಾಯಿತು. ನಮ್ಮ ದೇಶದಲ್ಲಿ ಕ್ಯಾರವಾನ್ ಇಲ್ಲವೆಂದಲ್ಲ. ಕೇರಳ ಸರ್ಕಾರ 2021ರಲ್ಲಿ ‘ಕೆರವಾನ್ ಕೇರಳ’ ಎಂದು ಯೋಜನೆಯನ್ನೇ ತಂದಿತು. ಬೆಂಗಳೂರಿನಲ್ಲಿ ಡ್ರೈವರ್ ಸಮೇತ ಬಾಡಿಗೆಗೆ ಸಿಗುತ್ತವೆ. ಕ್ಯಾರವಾನ್ ಹೇಗಿರಬೇಕೆಂಬುದಕ್ಕೆ ಸರ್ಕಾರದ ಮಾನದಂಡವೂ ಇದೆ. ಆದರೆ ನಮ್ಮ ಹಾಗಿನವರು ಇದ್ದ ವ್ಯಾನನ್ನೇ ಬಡಗಿಯ ಹತ್ತಿರ ಕೊಟ್ಟು ಮನೆ ಮಾಡಿಸಿಕೊಳ್ಳೋಣ ಅಂದರೆ ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆ. ಕಂಪನಿಯಿಂದ ಬಂದ ಗಾಡಿಯ ಮೂಲ ರಚನೆ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಅನುಮತಿ ಬೇಕಾದರೆ ಆರ್‌ಟಿಒ ಮೆಟ್ಟಿಲು ಹತ್ತಬೇಕು. ಇನ್ನು ಲೈಸನ್ಸಿನದು ಬೇರೆ ಕತೆ. ಐವತ್ತೈದು ದಾಟಿದ ಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು, ಪ್ರತಿ ಸಲವೂ ಡಾಕ್ಟರ ಸರ್ಟಿಫಿಕೇಟು ಬೇಕು. “ಮೊಮ್ಮಕ್ಕಳನ್ನು ನೋಡಿಕೊಳ್ಳಲಿಕ್ಕೆ ಯಾರೂ ಸರ್ಟಿಫಿಕೇಟ್ ಕೇಳುವುದಿಲ್ಲ, ನೋಡು” ಎಂದು ಇವರು ಗೊಣಗಿದರು.

ಕಡೆಗೆ ನಮ್ಮಲ್ಲಿದ್ದ ಓಮ್ನಿಯೇ ಗತಿ. ಮಾರುತಿ ಕಂಪನಿ ಈ ವ್ಯಾನನ್ನು 1984ರಲ್ಲಿ ಬಿಟ್ಟು 2019ರಲ್ಲಿ ನಿಲ್ಲಿಸಿತು. ಆ ಮೂವತ್ತೈದು ವರ್ಷ ಕರಾವಳಿಯಲ್ಲಿ ಮದುವೆ ಅಡುಗೆಯ ಪಾತ್ರೆ, ಶಾಲೆಯ ಮಕ್ಕಳು, ಬಾಳೆಗೊನೆ, ಆಸ್ಪತ್ರೆಯ ರೋಗಿ, ಎಲ್ಲರನ್ನೂ ಹೊತ್ತದ್ದು ಅದೇ. ಇಂಜಿನು ಮುಂದಿನ ಸೀಟಿನ ಅಡಿಯಲ್ಲಿದೆ. ಏಪ್ರಿಲ್ ತಿಂಗಳಲ್ಲಿ ಹತ್ತು ಮೈಲಿ ಓಡಿಸಿದರೆ ಸೀಟು ದೋಸೆ ಕಾವಲಿಯಾಗುತ್ತದೆ. ಈ ವಿಷಯ ಮುಂದೆ ಬರಲಿಕ್ಕಿದೆ, ನೆನಪಿಡಿ. ನಮ್ಮದು 2012ರ ಗಾಡಿ. ಕಾನೂನಿಗೆ ಹೆದರಿ ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಹಿಂದಿನ ಸೀಟು ಮಡಚಿ, ಅಟ್ಟದಲ್ಲಿ ಬಿದ್ದಿದ್ದ ಎರಡು ಹಲಸಿನ ಹಲಗೆ ಇಟ್ಟು, ಅದರ ಮೇಲೆ ಹತ್ತಿಯ ಹಾಸಿಗೆ. ಕಿಟಕಿಗೆ ಸೊಳ್ಳೆ ಬಲೆ. ಇವರು ಕಾಲು ಚಾಚಿದರೆ ಹಿಂದಿನ ಬಾಗಿಲು ತಾಗುತ್ತದೆ, ಹಾಗಾಗಿ ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಬೇಕು. ನನಗೆ ಉಳಿಯುವುದು ತ್ರಿಕೋನ. ಒಲೆ ಇಲ್ಲ. ಫ್ಲಾಸ್ಕು, ಅವಲಕ್ಕಿ, ಒಂದು ಡಬ್ಬಿ ಬೆಲ್ಲ. ಕಕ್ಕಸಿಗೆ ಪೆಟ್ರೋಲ್ ಬಂಕು ಮತ್ತು ನೆಂಟರು. ಮೂರನೇ ಪೈಪಿನ ಕೆಲಸ ತಪ್ಪಿತು.

ಗಾಡಿ ತಯಾರಾಯಿತು. ಹೊರಡುವುದು ಯಾವಾಗ ಎಂಬುದೇ ದೊಡ್ಡ ಸಮಸ್ಯೆ. ಇದನ್ನು ಘಟ್ಟದ ಮೇಲಿನವರಿಗೆ ಬಿಡಿಸಿ ಹೇಳಬೇಕು. ಬೆಂಗಳೂರಿನವರಿಗೆ ಬೇಸಿಗೆ ಅಂದರೆ ರಜೆ. ನಮಗೆ ಬೇಸಿಗೆ ಅಂದರೆ ಮಳೆಗಾಲದ ತಯಾರಿ. ಉಡುಪಿಯಲ್ಲಿ ವರ್ಷಕ್ಕೆ 4000 ಮಿಲಿಮೀಟರಿಗಿಂತ ಹೆಚ್ಚು ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದುಬಿಡುತ್ತದೆ. ಆ ನಾಲ್ಕು ತಿಂಗಳು ಒಂದು ಕರವಸ್ತ್ರ ಒಣಗಿಸುವುದೂ ಸಾಹಸ. ಹಾಗಾಗಿ ಬಿಸಿಲಿನಲ್ಲಿ ಆಗಬೇಕಾದದ್ದೆಲ್ಲ ಮಾರ್ಚ್‌ನಿಂದ ಮೇ ತಿಂಗಳೊಳಗೆ ಆಗಬೇಕು. ಬಿಸಿಲು ನಮಗೆ ಫಸಲು ಇದ್ದ ಹಾಗೆ, ಕೊಯ್ದು ಒಳಗೆ ತುಂಬಿಕೊಳ್ಳಬೇಕು.

ನಮ್ಮದು ಮಾವನವರು ಕಟ್ಟಿಸಿದ ಹಂಚಿನ ಮನೆ. ಮಣಿಪಾಲದಲ್ಲಿ 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಮೆಡಿಕಲ್ ಕಾಲೇಜು ಶುರು ಮಾಡುವಾಗ ಈ ಗುಡ್ಡದಲ್ಲಿ ಬರೀ ಕಲ್ಲು, ಮುಳಿಹುಲ್ಲು ಇತ್ತಂತೆ. ಈಗ ನಮ್ಮ ಮನೆಯ ಸುತ್ತಲೂ ಕಾಲೇಜು ಹುಡುಗರ ಫ್ಲಾಟುಗಳು. ಮೇಲಿಂದ ನೋಡಿದರೆ ನಮ್ಮ ಮಾಡು ಕಾಂಕ್ರೀಟಿನ ನಡುವೆ ಒಂದು ಕೆಂಪು ತೇಪೆಯ ಹಾಗೆ ಕಾಣುತ್ತದೆ ಎಂದು ಫ್ಲಾಟಿನ ಒಬ್ಬ ಹುಡುಗ ಹೇಳಿದ್ದ. ಪರೀಕ್ಷೆ ಮುಗಿದು ಅವರೆಲ್ಲ ಊರಿಗೆ ಹೋದ ಮೇಲೆ ಮಣಿಪಾಲ ಖಾಲಿ ಖಾಲಿ. ಅದೇ ಹೊತ್ತಿಗೆ ಗುಡ್ಡದ ಕೆಳಗಿನ ಊರುಗಳಲ್ಲಿ ಮುಂಬಯಿ ನೆಂಟರು ತುಂಬಿಕೊಳ್ಳುತ್ತಾರೆ. ಕೊಂಕಣ ರೈಲು 1998ರಲ್ಲಿ ಬಂದ ಮೇಲಂತೂ ಪ್ರತಿ ಮೇ ತಿಂಗಳೂ ಜಾತ್ರೆ.

ಮಾಡಿನ ಕೆಲಸ ಎಲ್ಲಕ್ಕಿಂತ ಮೊದಲು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕುವವರೆಗೆ ಇಲ್ಲಿ ಹೆಚ್ಚಿನ ಮನೆಗಳಿಗೆ ಹುಲ್ಲಿನ ಮಾಡೇ ಇತ್ತು. ವರ್ಷ ವರ್ಷ ಹೊಸತಾಗಿ ಹೊದೆಸಬೇಕಿತ್ತು. ಹಂಚು ಬಂದು ಆ ಕಷ್ಟ ತಪ್ಪಿತು, ಬೇರೆ ಕಷ್ಟ ಬಂತು. ಮಂಗ ಹಾರಿದರೆ ಒಡೆಯುತ್ತದೆ, ತೆಂಗಿನ ಮಡಲು ಬಿದ್ದರೆ ಜಾರುತ್ತದೆ. ಒಳಗೆ ಪಕ್ಕಾಸು, ರೀಪುಗಳಿಗೆ ಗೆದ್ದಲು. ಬೇಸಿಗೆಯಲ್ಲಿ ಒಮ್ಮೆ ಹಂಚೆಲ್ಲ ತೆಗೆದು, ಪಾಚಿ ಉಜ್ಜಿ, ಒಡೆದದ್ದನ್ನು ಬದಲಿಸಿ, ಮತ್ತೆ ಹೊದೆಸಬೇಕು. ಹಂಚಿನ ಕೆಲಸ ಗೊತ್ತಿದ್ದವರು ಈಗ ಕೈಬೆರಳಲ್ಲಿ ಎಣಿಸುವಷ್ಟು. ಅವರ ದಿನ ಸಿಗುವುದು ದೊಡ್ಡ ಡಾಕ್ಟರ ಅಪಾಯಿಂಟ್‌ಮೆಂಟಿಗಿಂತ ಕಷ್ಟ. ನಾವು ಫೆಬ್ರವರಿಯಿಂದ ಫೋನು ಮಾಡುತ್ತಿದ್ದೆವು. “ಬರ್ತೇನೆ ಸರ್, ನಾಳೆ” ಅನ್ನುವುದು ಏಪ್ರಿಲ್‌ವರೆಗೆ ನಡೆಯಿತು. ಅದರ ನಡುವೆ ಬಾವಿಯ ಕೆಸರು ತೆಗೆಸುವುದು, ಕಣಿ ಬಿಡಿಸುವುದು, ಕಟ್ಟಿಗೆ ಒಡೆಸಿ ಕೊಟ್ಟಿಗೆಗೆ ತುಂಬಿಸುವುದು. ಬಚ್ಚಲಿನ ಹಂಡೆಗೆ ನಮಗೆ ಇಂದಿಗೂ ಕಟ್ಟಿಗೆಯೇ.

ಒಳಗಿನ ಕೆಲಸ ನನ್ನದು. ಮಾವಿನ ಮಿಡಿ ಮುಗಿಯುವಾಗ ಹಲಸು ಶುರು. ಹಪ್ಪಳಕ್ಕೆ ಬಲಿತಿರಬೇಕು, ಹಣ್ಣಾಗಿರಬಾರದು. ತಟ್ಟಿ ನೋಡಿ ಹೇಳುವವರು ಇದ್ದರು. ನನಗೆ ಬರುವುದಿಲ್ಲ, ಕೊಯ್ದೇ ನೋಡಬೇಕು. ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಮೇಣ ತೆಗೆದು, ಸೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮೊದಲೇ ಕಡೆಯುವ ಕಲ್ಲಿನಲ್ಲಿ ಮೆಣಸು, ಉಪ್ಪು, ಕೊತ್ತಂಬರಿ, ಜೀರಿಗೆ ಹಾಕಿ ಗುದ್ದಬೇಕು. ಆರಿದರೆ ಗಂಟು. ಮಿಕ್ಸಿಗೆ ಹಾಕಿದರೆ ಅಂಟು ಅಂಟಾಗಿ ಬ್ಲೇಡು ನಿಂತೇಬಿಡುತ್ತದೆ, ಅದೂ ನೋಡಿಯಾಗಿದೆ. ಆಮೇಲೆ ಲಿಂಬೆ ಗಾತ್ರದ ಉಂಡೆ ಮಾಡಿ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು, ಮಣೆಯಲ್ಲಿ ಒಂದೇ ಹದದಲ್ಲಿ ಒತ್ತಬೇಕು. ಒತ್ತುವ ಕೆಲಸ ಇವರದು. ನಡುವೆ ದಪ್ಪ, ಅಂಚು ತೆಳ್ಳಗೆ ಬಂದರೆ ಒಣಗುವಾಗ ಅಂಚು ಸೀಳುತ್ತದೆ. ಚಾಪೆಯ ಮೇಲೆ ಹಾಸಿ ಬಿಸಿಲಿಗಿಟ್ಟರೆ ಮಧ್ಯಾಹ್ನಕ್ಕೆ ಒಮ್ಮೆ ಮಗುಚಬೇಕು. ಎರಡು ಗಟ್ಟಿ ಬಿಸಿಲು, ಮೂರನೆಯದು ಸಿಕ್ಕಿದರೆ ವರ್ಷಪೂರ್ತಿ ನಿಶ್ಚಿಂತೆ. ಹಲಸಿನ ಬೀಜ ಬೇಯಿಸಿ ಒಣಗಿಸಿದರೆ ಸಾಂತಾಣಿ. ಸೊಳೆಯನ್ನೇ ಉಪ್ಪಿನಲ್ಲಿ ಹಾಕಿಟ್ಟರೆ ಮಳೆಗಾಲದ ಆಟಿ ತಿಂಗಳ ಪಲ್ಯ. ಪುನರ್ಪುಳಿಯ ಸಿಪ್ಪೆ ಬೇರೆ. ಅಂಗಳದಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಇದೆಲ್ಲ ಬಿಟ್ಟು ಯಾರು ಹೊರಡುತ್ತಾರೆ? ಈ ಸೀಮೆಯಲ್ಲಿ ಬೇಸಿಗೆಯಲ್ಲಿ ನಿಜವಾಗಿ ಊರೂರು ಸುತ್ತುವವರು ಯಕ್ಷಗಾನದ ಮೇಳದವರು. ಅವರ ಭಾಷೆಯಲ್ಲಿ ಅದಕ್ಕೆ ‘ತಿರುಗಾಟ’ ಎಂದೇ ಹೆಸರು. ದೀಪಾವಳಿ ಕಳೆದ ಮೇಲೆ ಹೊರಟರೆ ಆರು ತಿಂಗಳು ಲಾರಿಯಲ್ಲಿ ರಂಗಸ್ಥಳ, ಪೆಟ್ಟಿಗೆಯಲ್ಲಿ ಕಿರೀಟ, ಹಗಲಿಗೆ ನಿದ್ದೆ, ರಾತ್ರಿಗೆ ಆಟ. ತುಳುವರ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24ರ ಹೊತ್ತಿಗೆ, ಪತ್ತನಾಜೆ. ಅಂದು ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಕೋಲ, ಜಾತ್ರೆ ನಿಲ್ಲುತ್ತವೆ. ಆಮೇಲೆ ಎಲ್ಲರೂ ಮನೆಯೊಳಗೆ. ಮೀನುಗಾರರ ಯಾಂತ್ರಿಕ ದೋಣಿಗಳೂ ಜೂನ್ 1ರಿಂದ ಜುಲೈ ಕಡೆಯವರೆಗೆ ದಡದಲ್ಲೇ. ಕರಾವಳಿಯ ಕ್ಯಾಲೆಂಡರಿನಲ್ಲಿ ಹೊರಗೆ ಇರುವುದಕ್ಕೂ ಒಳಗೆ ಇರುವುದಕ್ಕೂ ಹೀಗೆ ಗಡಿ ಕಲ್ಲು ನೆಟ್ಟಿದೆ. ನಾವು ಗೃಹಸ್ಥರು ಮಾತ್ರ ಆ ಕಡೆಯೂ ಅಲ್ಲ, ಈ ಕಡೆಯೂ ಅಲ್ಲ, ಆರು ತಿಂಗಳು ಒಣಗಿಸುತ್ತ, ಆರು ತಿಂಗಳು ಒಣಗಿಸಿದ್ದನ್ನು ಕಾಯುತ್ತ ಕೂತಿರುತ್ತೇವೆ.

ಇವರೊಂದು ಉಪಾಯ ಹೇಳಿದರು. ಇವರ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ತಂದಿತ್ತು. ಏಜೆಂಟರು ದಿನಾ ಮನೆಬಾಗಿಲಿಗೆ ಬಂದು ಎರಡಾಣೆಯಾದರೂ ಸರಿ, ಬರೆದುಕೊಂಡು ಹೋಗುವುದು. “ದೊಡ್ಡ ಮೊತ್ತ ಒಮ್ಮೆಲೇ ಕೂಡಿಸಲಿಕ್ಕೆ ಆಗದವರಿಗೆ ಪಿಗ್ಮಿ. ಹಾಗೇ ನಮಗೆ ಪಿಗ್ಮಿ ಪ್ರವಾಸ,” ಅಂದರು. “ಹಂಚಿನವ ಬರುವುದು ಸೋಮವಾರ. ಶುಕ್ರವಾರ ಹೊರಟು ಭಾನುವಾರ ಬರುವಾ.” ಅದು ಏಪ್ರಿಲ್ ನಡುವಿನ ಬಿಸು ಹಬ್ಬ ಕಳೆದ ವಾರ. ನಾನು ಅಂಗಳದ ಚಾಪೆ ಮಡಚಿಟ್ಟು ಹತ್ತಿದೆ.

ಮೊದಲ ರಾತ್ರಿ ಕಾರ್ಕಳದಲ್ಲಿ ನಾವು ಸೋತೆವು. ಅಣ್ಣನ ಮನೆ ಆನೆಕೆರೆಯ ಆಚೆ. ಹಾಸಿಗೆ ಹಾಸಿದ ಗಾಡಿ ನೋಡಿ ಅಣ್ಣ ಏನೂ ಹೇಳಲಿಲ್ಲ. “ಸ್ವಲ್ಪ ಆಚೆ ನಿಲ್ಲಿಸ್ತೇನೆ, ಬಿಸಿಲಾಗ್ತದೆ” ಅಂತ ಕೀ ತೆಗೆದುಕೊಂಡವನು ಮರುದಿನ ಹೊರಡುವಾಗಲೇ ಹಿಂದೆ ಕೊಟ್ಟದ್ದು. ಓಮ್ನಿ ಹಲಸಿನ ಮರದಡಿ ಒಂಟಿಯಾಗಿ ಮಲಗಿತು. ನಾವು ಮಂಚದ ಮೇಲೆ.

ಬೆಳಿಗ್ಗೆ ಬಿಸಿಲೇರುವ ಮೊದಲು ಗೊಮ್ಮಟನ ಗುಡ್ಡ ಹತ್ತಿದೆವು. ಮೊಣಕಾಲಿನ ಜತೆ ರಾಜಿ ಮಾಡಿಕೊಂಡು, ಪ್ರತಿ ಇಪ್ಪತ್ತು ಮೆಟ್ಟಿಲಿಗೆ ಒಮ್ಮೆ ಕೂತು. 42 ಅಡಿ ಎತ್ತರದ ಈ ಏಕಶಿಲೆಯನ್ನು ಭೈರರಸರ ವೀರಪಾಂಡ್ಯ ನಿಲ್ಲಿಸಿದ್ದು 1432ರ ಫೆಬ್ರವರಿ 13ರಂದು. ಮೂರ್ತಿಯನ್ನು ಬೇರೆ ಕಡೆ ಕೆತ್ತಿ, ಕಬ್ಬಿಣದ ಇಪ್ಪತ್ತು ಬಂಡಿಗಳ ಮೇಲೆ ಮಲಗಿಸಿ ಗುಡ್ಡಕ್ಕೆ ಎಳೆದು ತಂದರು, ಸಾವಿರಾರು ತೆಂಗಿನಕಾಯಿ ಒಡೆದರು ಎಂಬ ಐತಿಹ್ಯವನ್ನು ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿದ್ದ ವಾಲ್‌ಹೌಸ್ ಎಂಬ ಇಂಗ್ಲಿಷ್ ಅಧಿಕಾರಿ ಬರೆದಿಟ್ಟಿದ್ದಾನೆ. “ನೋಡು, ಗಾಡಿಯಲ್ಲಿ ಮಲಗಿ ಪ್ರಯಾಣ ಮಾಡಿದವರು ನಮಗಿಂತ ಮೊದಲೇ ಇದ್ದರು,” ಅಂದರು ಇವರು. ಎದುರಿನ ದಿಬ್ಬದಲ್ಲಿ ಚತುರ್ಮುಖ ಬಸದಿ, 1586ರದ್ದು. ನಾಲ್ಕೂ ದಿಕ್ಕಿಗೆ ಬಾಗಿಲು. ನಾನು ಹುಟ್ಟಿದ ಊರು ಇದು. ಬಸದಿಯ ಒಳಗೆ ಕಾಲಿಡದೆ ನಲವತ್ತು ವರ್ಷ ಆಗಿತ್ತು ಎಂಬುದು ಚಪ್ಪಲಿ ಬಿಡುವಾಗ ನೆನಪಾಯಿತು.

ತವರಿಗೆ ಬಂದಾಗಲೆಲ್ಲ ಬಾಣಂತನವೋ, ಮದುವೆಯೋ, ಬೊಜ್ಜವೋ ಇದ್ದೇ ಇತ್ತು. ಹತ್ತಿರದ್ದು ಯಾವಾಗ ಬೇಕಾದರೂ ನೋಡಬಹುದು ಎಂದು ನೋಡದೇ ಉಳಿಯುತ್ತದೆ. ಮೈಸೂರಿನ ದಕ್ಷಿಣಾಮೂರ್ತಿ ಕೃಷ್ಣಕುಮಾರ್ ಅವರ ಕತೆ ಓದಿದವರಿಗೆ ಇದು ಗೊತ್ತು. ಅವಿಭಕ್ತ ಕುಟುಂಬದ ಅಡುಗೆಮನೆಯಲ್ಲೇ ಆಯುಷ್ಯ ಕಳೆದ ತಾಯಿ ಚೂಡಾರತ್ನಮ್ಮನವರು, ತಾನು ಪಕ್ಕದ ಬೇಲೂರು ಹಳೇಬೀಡನ್ನೂ ನೋಡಿಲ್ಲ ಎಂದರಂತೆ. ಮಗ ಕೆಲಸ ಬಿಟ್ಟು, ತಂದೆ ಕೊಡಿಸಿದ್ದ ಬಜಾಜ್ ಚೇತಕ್ ಸ್ಕೂಟರಿನಲ್ಲಿ 2018ರ ಜನವರಿಯಲ್ಲಿ ತಾಯಿಯನ್ನು ಕೂರಿಸಿಕೊಂಡು ದೇಶ ಸುತ್ತಲು ಹೊರಟರು. ಎಪ್ಪತ್ತರ ಆ ತಾಯಿಗೆ ಕ್ಯಾರವಾನ್ ಬೇಕಾಗಲಿಲ್ಲ. ಬೇಕಾದದ್ದು ಅಡುಗೆಮನೆಯಿಂದ ಬಿಡುಗಡೆ. ಆ ಸ್ಕೂಟರಿನ ಫೋಟೋ ನೋಡುವಾಗ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಹೊಗಳಿಕೆ ಪೂರ್ತಿ ಮಗನಿಗೇ ಹೋಗುತ್ತದೆ. ಹಿಂದಿನ ಸೀಟಿನಲ್ಲಿ ಅಷ್ಟು ಸಾವಿರ ಮೈಲು ಬೆನ್ನು ನೆಟ್ಟಗೆ ಇಟ್ಟುಕೊಂಡು ಕೂತವರ ಸುದ್ದಿ ಅಷ್ಟಾಗಿ ಯಾರೂ ಎತ್ತುವುದಿಲ್ಲ.

ಕಾರ್ಕಳದಿಂದ ನಂದಳಿಕೆಗೆ ಬಂದಾಗ ನಾನೇ ಗಾಡಿ ನಿಲ್ಲಿಸಲು ಹೇಳಿದೆ. ಮುದ್ದಣನ ಊರು. ಮೂವತ್ತು ವರ್ಷ ಕ್ಲಾಸಿನಲ್ಲಿ ‘ರಾಮಾಶ್ವಮೇಧ’ದ ಮುದ್ದಣ ಮನೋರಮೆಯರ ಸಲ್ಲಾಪ ಪಾಠ ಮಾಡಿದವಳು ನಾನು. ಗಂಡ ಹೆಂಡತಿ ಮಳೆಗಾಲದ ಸಂಜೆ ಮನೆಯೊಳಗೆ ಕೂತು ಮಾತಾಡುವುದೇ ಆ ಕೃತಿಯ ಕಟ್ಟು. ಅವನು ಕತೆ ಹೇಳುತ್ತಾನೆ, ಅವಳು ನಡು ನಡುವೆ ಬಾಯಿ ಹಾಕಿ ಅವನ ಪಾಂಡಿತ್ಯದ ಗಾಳಿ ತೆಗೆಯುತ್ತಾಳೆ. ಮಕ್ಕಳಿಗೆ ಅದು ತಮಾಷೆ. ನಿವೃತ್ತಿಯಾದ ಮೇಲೆ, ದಿನದ ಇಪ್ಪತ್ತನಾಲ್ಕು ಗಂಟೆಯೂ ಗಂಡ ಮನೆಯಲ್ಲೇ ಇರತೊಡಗಿದ ಮೇಲೆ, ಮನೋರಮೆಯ ಪ್ರತಿಭೆ ನನಗೆ ಸರಿಯಾಗಿ ಅರ್ಥವಾಗಿದೆ. ಮುದ್ದಣ ತೀರಿಕೊಂಡದ್ದು 1901ರಲ್ಲಿ, ಮೂವತ್ತೊಂದರ ವಯಸ್ಸಿಗೆ. ಆ ಇಬ್ಬರಿಗೂ ನಮ್ಮ ಹಾಗೆ ಬೇಸರ ಬರುವಷ್ಟು ಮಾತಾಡಲು ಸಮಯ ಸಿಗಲಿಲ್ಲ. ಅದೇ 1901ರಲ್ಲಿ ಕಾಪುವಿನ ಬಂಡೆಯ ಮೇಲೆ ದೀಪಸ್ತಂಭ ಎದ್ದಿತು.

ಶಿರ್ವ ದಾಟಿ ಶಂಕರಪುರದ ಕಡೆ ಹೋದರೆ ಗದ್ದೆಯಂಚಿನಲ್ಲೆಲ್ಲ ಮಲ್ಲಿಗೆ ಗಿಡ. ಉಡುಪಿ ಮಲ್ಲಿಗೆ ಎಂದು ಹೆಸರಾದದ್ದು ಇಲ್ಲಿಯದೇ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಒಂದು ಚೆಂಡಿಗೆ ಸುಮಾರು 800 ಹೂ. ಬೆಳಿಗ್ಗೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಮಧ್ಯಾಹ್ನದೊಳಗೆ ಮುಟ್ಟಿಸಬೇಕು. ಇಲ್ಲಿಯ ಹೆಂಗಸರೂ ಎಲ್ಲಿಗೂ ಹೋಗುವವರಲ್ಲ. ಅವರ ಹೂ ಹೋಗುತ್ತದೆ. ನಾನೊಂದು ಚೆಂಡು ತೆಗೆದುಕೊಂಡೆ. ಇವರು ಪುಸ್ತಕದಲ್ಲಿ ಬರೆದರು.

ಕಾಪುವಿನಲ್ಲಿ ನಮ್ಮ ಯೋಚನೆ ಇದ್ದದ್ದು ಬೀಚಿನ ಹತ್ತಿರ ಗಾಡಿ ನಿಲ್ಲಿಸಿ ಮಲಗುವುದು. ಸೂರ್ಯ ಮುಳುಗುವುದನ್ನು ಸಾವಿರ ಜನರೊಟ್ಟಿಗೆ ನೋಡಿದೆವು. ಎಂಟು ಗಂಟೆಗೆ ಚರುಮುರಿ ಗಾಡಿಯವನೂ ಹೊರಟ. ಆಮೇಲೆ ಕತ್ತಲೆ, ಸೆಕೆ, ಉಪ್ಪು ಗಾಳಿ, ನಾಯಿಗಳು. ನನಗೆ ಕಕ್ಕಸಿಗೆ ಹೋಗಬೇಕಿತ್ತು. ಆರ್‌ವಿ ಎಂಬ ಇಡೀ ಶಾಸ್ತ್ರ ಇದೊಂದರ ಮೇಲೆ ನಿಂತಿದೆ, ಮಾತಿಲ್ಲ. ಅರ್ಧ ಮೈಲಿ ದೂರದಲ್ಲಿ ಅತ್ತಿಗೆಯ ಮನೆ.

ಹೋದೆವು. ಗಂಜಿ, ಮಾವಿನಹಣ್ಣಿನ ಗೊಜ್ಜು ಉಂಡೆವು. ಉಂಡಾದ ಮೇಲೆ ಇವರು ಮೆಲ್ಲಗೆ “ಅಕ್ಕ, ನಾವು ಗಾಡಿಯಲ್ಲೇ ಮಲಗ್ತೇವೆ, ಅಂಗಳದಲ್ಲಿ” ಅಂದರು. ಕಾರ್ಕಳದ ಸೋಲು ಇವರಿಗೆ ಚುಚ್ಚುತ್ತಿತ್ತು. ಅತ್ತಿಗೆ ತಟ್ಟೆ ಎತ್ತುತ್ತಿದ್ದವರು ನಿಂತರು.

“ಸೆಕೆ ಅಂತಲಾ? ಮೇಲಿನ ಕೋಣೆಯಲ್ಲಿ ಏಸಿ ಉಂಟು, ಮಗ ಹಾಕಿಸಿದ್ದು.”

“ಹಾಗಲ್ಲಕ್ಕ. ಸುಮ್ಮನೆ.”

“ಸುಮ್ಮನೆ ಯಾರು ಅಂಗಳದಲ್ಲಿ ಮಲಗ್ತಾರೆ?”

ಉತ್ತರ ಇರಲಿಲ್ಲ. ಇವರು ಹಲಗೆ ಸರಿ ಮಾಡಿ, ಬಲೆ ಸಿಕ್ಕಿಸಿ, ಓರೆಯಾಗಿ ಮಲಗಿದರು. ನಾನು ನನ್ನ ತ್ರಿಕೋನದಲ್ಲಿ. ದೀಪಸ್ತಂಭದ ಬೆಳಕು ತೆಂಗಿನ ತಲೆಗಳ ಮೇಲೆ ಸುತ್ತಿ ಸುತ್ತಿ ಹೋಗುತ್ತಿತ್ತು. ಪ್ರತಿ ಸಲ ಮುಂದಿನ ಗಾಜಿನ ಧೂಳು ಒಮ್ಮೆ ಹೊಳೆದು ಆರುತ್ತಿತ್ತು. ನಿದ್ದೆ ಹತ್ತುವಾಗ ಕರೆಂಟು ಹೋಯಿತು. ಹೆಜ್ಜೆ ಸದ್ದು. ಅತ್ತಿಗೆ ಒಂದು ಕೈಯಲ್ಲಿ ಬೀಸಣಿಗೆ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಕುರ್ಚಿ ಹಿಡಿದುಕೊಂಡು ಬಂದು, ಓಮ್ನಿಯ ಪಕ್ಕದ ಬಾಗಿಲು ಜಾರಿಸಿ, ಅಲ್ಲೇ ಕೂತರು. ಬೈಯಲಿಕ್ಕೆ ಬಂದವರು ಗಾಳಿ ಹಾಕಲು ಶುರು ಮಾಡಿದರು, ತಮ್ಮನಿಗೆ. ಎರಡು ಗಂಟೆಯವರೆಗೆ ಮಾತಾಡಿದೆವು. ಅವರ ಮದುವೆಯ ದಿಬ್ಬಣ ಬಂದ ಬಸ್ಸು ಹೊಳೆ ದಾಟಲಾಗದೆ ನಿಂತದ್ದು, ಭಾವ ತೀರಿಕೊಂಡ ವರ್ಷದ ಮಳೆ, ಮಗ ಕರೆದರೂ ದುಬೈಗೆ ಹೋಗದೇ ಇರುವುದರ ಕಾರಣ. ಮೂವತ್ತೆಂಟು ವರ್ಷದಲ್ಲಿ ಅಷ್ಟೊಂದು ಮಾತು ಅವರು ನನ್ನೊಟ್ಟಿಗೆ ಆಡಿರಲಿಲ್ಲ. ಚಾವಡಿಯಲ್ಲಿ ಕೂತರೆ ಅವರು ಮನೆಯ ಯಜಮಾನಿ, ನಾವು ಉಪಚಾರಕ್ಕೆ ಅರ್ಹರಾದ ನೆಂಟರು. ಕಾಫಿ ಆಯಿತಾ, ಪಾಯಸ ಬಡಿಸಲಾ ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಅಂಗಳದಲ್ಲಿ ಉಪಚಾರಕ್ಕೆ ಏನೂ ಇರಲಿಲ್ಲ.

ನಮ್ಮಲ್ಲಿ ಕ್ಯಾರವಾನ್ ಬೇರೂರದಿರುವುದಕ್ಕೆ ರಸ್ತೆ, ಕಾನೂನು, ಸೆಕೆ ಎಲ್ಲ ಕಾರಣ ಹೌದು. ಆದರೆ ದೊಡ್ಡ ಕಾರಣ ಹತ್ತು ಮೈಲಿಗೊಂದು ಮನೆಯಲ್ಲಿ ನಮಗಾಗಿ ಎತ್ತಿಟ್ಟಿರುವ ಚಾಪೆ. ಅದನ್ನು ಬೇಡ ಎಂದವರಿಗೆ ಜಾಗದ ತಕರಾರು ಇರಲೇಬೇಕು, ಹಾಲಿನವಳ ತರ್ಕ ಸರಿಯಾಗಿಯೇ ಇದೆ. ಅಮೆರಿಕದ ಆ ದಂಪತಿ ಮನೆ ಮಾರಿ ಹೊರಟರು, ಅವರನ್ನು ಯಾರೂ ಏನೂ ಕೇಳಲಿಲ್ಲ. ಕೇಳುವವರು ಇಲ್ಲದ್ದು ಒಳ್ಳೆಯದೋ ಕೆಟ್ಟದ್ದೋ, ಅವರನ್ನು ಕೇಳಬೇಕಿತ್ತು. ನನ್ನ ಇಂಗ್ಲಿಷು ಅಷ್ಟು ದೂರ ಹೋಗುವುದಿಲ್ಲ.

ಸೋಮವಾರ ಹಂಚಿನವನು ಬರಲಿಲ್ಲ. ಬಂದದ್ದು ಅದರ ಮುಂದಿನ ವಾರ. ಮೇ ಮೊದಲಿಗೆ ಬೆಂಗಳೂರಿನಿಂದ ಮಗ ಸೊಸೆ ಬಂದು ಮಕ್ಕಳಿಬ್ಬರನ್ನು ಬಿಟ್ಟುಹೋದರು. ಅಂಗಳದಲ್ಲಿ ಹಪ್ಪಳಕ್ಕೆ ಕಾಗೆ ಕಾಯುವ ಕೆಲಸ ಅವರಿಗೆ. ಕಾಗೆಗಿಂತ ಅವರೇ ಹೆಚ್ಚು ಹಸಿ ಹಿಟ್ಟು ತಿಂದರು. ಓಮ್ನಿ ಅವರ ಆಟದ ಮನೆಯಾಯಿತು: ಮೊಮ್ಮಗಳು ಹಲಗೆಯ ಮೇಲೆ ಅಡುಗೆಮನೆ ಮಾಡಿದಳು, ಅಜ್ಜ ಡ್ರೈವರ್ ಸೀಟಿನಲ್ಲಿ ಕೂತು ಅಲ್ಲಾಡದ ಗಾಡಿಯನ್ನು ದೆಹಲಿಯವರೆಗೆ ಓಡಿಸಿದರು.

ಮೇ ಮೂರನೇ ವಾರಕ್ಕೇ ಮಳೆ ಹಿಡಿಯಿತು. ಇನ್ನೂ ಹದಿನೈದು ದಿನ ಬಿಸಿಲು ಇದೆಯೆಂಬ ಧೈರ್ಯದಲ್ಲಿ ನಾನು ಎರಡನೇ ಕಂತಿನ ಹಪ್ಪಳ ಒತ್ತಿಸಿದ್ದೆ. ಮುಂಗಾರು ಕೇರಳಕ್ಕೆ ಬರುವ ವಾಡಿಕೆ ಜೂನ್ 1. ಆ ವರ್ಷ ಮೇ 24ಕ್ಕೇ ಬಂತು, 2009ರ ನಂತರ ಇಷ್ಟು ಬೇಗ ಬಂದದ್ದು ಅದೇ ಮೊದಲು. ಅದೇ ದಿನ ನಮ್ಮನ್ನೂ ದಾಟಿ ಕಾರವಾರದವರೆಗೆ ಹೋಯಿತು. ಪತ್ತನಾಜೆಯ ದಿನವೇ. ಒಂದೇ ಬಿಸಿಲು ಕಂಡ ಮುನ್ನೂರು ಹಪ್ಪಳ, ಅಂಚು ಒಣಗಿ ನಡು ಹಸಿ. ಒಳಗೆ ಹಾಸಿದರೆ ಮರುದಿನಕ್ಕೆ ಬೂಸ್ಟು.

ಇವರಿಗೇ ಹೊಳೆದದ್ದು. ಮೊರಗಳಲ್ಲಿ ಹಪ್ಪಳ ಹರಡಿ, ಓಮ್ನಿಯ ಹಲಗೆಯ ಮೇಲೆ ಸಾಲಾಗಿ ಇಟ್ಟರು. ಅತಿ ಹಸಿ ಇದ್ದ ಒಂದು ಮೊರ ಮುಂದಿನ ಎಡ ಸೀಟಿನ ಮೇಲೆ, ಇಂಜಿನಿನ ನೆತ್ತಿಗೆ. ನನಗೆ ಕೂರಲು ಜಾಗವಿಲ್ಲ. “ನೀನು ಮಕ್ಕಳೊಟ್ಟಿಗೆ ಇರು, ನಾನು ಕಾರ್ಕಳಕ್ಕೆ ಒಂದು ಸುತ್ತು ಹೋಗಿ ಬರ್ತೇನೆ,” ಅಂತ ಗಾಜೆಲ್ಲ ಏರಿಸಿ, ಸುರಿಯುವ ಮಳೆಯಲ್ಲಿ ಹೊರಟರು. ಮೂರು ಗಂಟೆ ಕಳೆದು ಬಂದಾಗ ಬನಿಯನ್ನು ಹಿಂಡಿದರೆ ನೀರು ಬರುವಷ್ಟು ಬೆವತಿದ್ದರು. ಗಾಡಿಯ ಬಾಗಿಲು ತೆರೆದರೆ ಜೀರಿಗೆ, ಹಲಸು, ಪೆಟ್ರೋಲು ಕೂಡಿದ ಬಿಸಿ ವಾಸನೆ. ಮುಂದಿನ ಸೀಟಿನ ಹಪ್ಪಳ ಕೈಯಲ್ಲಿ ಮುರಿದರೆ ಟಪ್ ಎಂದಿತು. ಪುಸ್ತಕದಲ್ಲಿ ಬರೆದದ್ದು ಆಮೇಲೆ ನೋಡಿದೆ: ‘ಕಾರ್ಕಳ, ಹೋಗಿ ಬಂದು, 70 ಕಿ.ಮೀ. ಹಪ್ಪಳದ ಬಾಬ್ತು.’

ಸಂಜೆ ಕಾಪುವಿನಿಂದ ಫೋನು ಬಂತು. ಸುದ್ದಿ ಅಣ್ಣನ ಮನೆಯಿಂದ ಅಲ್ಲಿಗೆ ಆಗಲೇ ಮುಟ್ಟಿತ್ತು. ಅತ್ತಿಗೆ ಮಳೆಯ ಬಗ್ಗೆ, ಮೊಣಕಾಲಿನ ಬಗ್ಗೆ, ಹಾಲಿನವಳ ಬಗ್ಗೆ ಒಂದು ಸುತ್ತು ಮಾತಾಡಿದರು. ಆಮೇಲೆ ಸ್ವರ ತಗ್ಗಿಸಿ ಕೇಳಿದರು:

“ಅಲ್ಲ ಮಾರಾಯ್ತಿ, ಆ ನಿಮ್ಮ ಗಾಡಿ ನಾಳೆ ಈ ಕಡೆ ಬರ್ತದಾ? ನನ್ನದು ಎರಡು ಮೊರ ಸಾಂತಾಣಿ ಉಂಟು.”